ಯಲ್ಲಾಪುರದ ಕೌದಿ, ಅಮ್ಮನ ಹಳೇ ಸೀರೆ

ಸಿದ್ದಿಯರ ಡಮಾಮಿ ಕುಣಿತ ನೋಡಬೇಕು ಅಂತ ಹೊರಟವಳು ಮೂರು ಗಂಟೆ ಕೂತು ಹೊಲಿಗೆ ನೋಡಿ ಬಂದೆ.

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರ್. ಕಲಘಟಗಿ ದಾಟಿದ ಮೇಲೆ ಬಯಲು ಮುಗಿದು ಕಾಡು ಶುರು. ಮುಂದಿನ ಸೀಟಿನಲ್ಲಿ ಗುಂಗುರು ಕೂದಲಿನ ಹುಡುಗ ಕೂತಿದ್ದ. ಪಕ್ಕದವರು ತಡೆದು ತಡೆದು ಇಂಗ್ಲಿಷಿನಲ್ಲಿ ಯಾವ ದೇಶ ಅಂತ ಕೇಳಿದರು. 'ಯಲ್ಲಾಪುರರೀ, ನಿಮ್ದು?' ಅಂದ. ಸುತ್ತಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ, ದಿನಾ ಇದೇ ಪ್ರಶ್ನೆ ಇರಬೇಕು. ಸಿದ್ದಿಯರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯ. ಗೋವಾದಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಬಂದು ಸೇರಿದ್ದು ಈ ಕಾಡಿಗೆ. ನೂರಾರು ವರ್ಷವಾಯಿತು, ಕೇಳೋದು ಮಾತ್ರ ನಿಂತಿಲ್ಲ.

ಗೆಳತಿಯ ಮನೆಯದು ಅಡಿಕೆ ತೋಟ. ಅಲ್ಲಿಂದ ಸಿದ್ದಿಯರ ಕೇರಿಗೆ ನಡೆದೇ ಹೋದೆವು. ಅಂಗಳದಲ್ಲಿ ಅಜ್ಜಿಯೊಬ್ಬರು ಕಾಲು ಚಾಚಿಕೊಂಡು ಕೌದಿ ಹೊಲಿಯುತ್ತಿದ್ದರು. ಗೆಳತಿಗೆ ಮೂವತ್ತು, ಅಜ್ಜಿಗೆ ಎಪ್ಪತ್ತರ ಮೇಲೆ. ಅಜ್ಜಿ ಇವಳಿಗೆ 'ಅಮ್ಮಾ' ಅಂತಾರೆ, ಇವಳು ಅಜ್ಜಿಗೆ 'ನೀನು' ಅಂತಾಳೆ. ಅಜ್ಜಿಯ ಮನೆಯವರು ಮೂರು ತಲೆಮಾರಿನಿಂದ ಗೆಳತಿಯ ಮನೆಯ ತೋಟಕ್ಕೆ ಕೆಲಸಕ್ಕೆ ಹೋದವರು. 'ನಮ್ಮಲ್ಲಿ ಎಲ್ಲಾ ಹೊಂದ್ಕೊಂಡೇ ಇದ್ದೇವೆ' ಅಂತ ದಾರಿಯಲ್ಲಿ ಗೆಳತಿ ಹೇಳಿದ್ದಳು. ಹೊಂದಿಕೊಂಡವರು ಯಾರು ಅಂತ ಕೇಳಬೇಕೆನಿಸಿತು, ಅವಳ ಮನೆಯಲ್ಲೇ ಉಂಡು ಬಂದಿದ್ದೆನಲ್ಲ, ಸುಮ್ಮನಾದೆ.

ಕುಣಿತದ ಮಾತೆತ್ತಿದೆ. ಅಜ್ಜಿಯ ಮೊಮ್ಮಗ ಮೊಬೈಲಿನಿಂದ ತಲೆ ಎತ್ತಿದ. 'ರೆಸಾರ್ಟಿನವರು ಎಲೆ ಕಟ್ಕೊಂಡು, ಮುಖಕ್ಕೆ ಬಣ್ಣ ಬಳ್ಕೊಂಡು ಕುಣೀರಿ ಅಂತಾರೆ ಅಕ್ಕಾ. ನಮ್ಮಜ್ಜ ಯಾವತ್ತೂ ಎಲೆ ಉಟ್ಟವನಲ್ಲ. ದುಡ್ಡು ಕೊಡ್ತಾರೆ, ಕುಣೀತೀವಿ.' ಹಾಗಾದರೆ ನಿಮ್ಮ ಸಂಸ್ಕೃತಿ ಯಾವುದು ಅಂದೆ, ದಡ್ಡಿಯ ಹಾಗೆ. 'ನಂಗೆ ಸರ್ಟಿಫಿಕೇಟೇ ಸಂಸ್ಕೃತಿ' ಅಂದ. ತಮಾಷೆಯಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವನಪ್ಪ ಶಾಲೆ ಬಿಟ್ಟಿದ್ದು ಅದಕ್ಕೂ ಮೊದಲು. ಇವನು ಡಿಗ್ರಿ ಓದುತ್ತಿದ್ದಾನೆ.

ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಿರಿಯರ ಪೂಜೆ ಮಾತ್ರ ಮೂರೂ ಕಡೆ ಇದೆ. ಕೌದಿಯೂ ಹಾಗೇ, ಮೂವರೂ ಹೊಲಿಯುತ್ತಾರೆ. ಕೆಲವರು ತುಂಡು ಬಟ್ಟೆಯಲ್ಲಿ ಶಿಲುಬೆ ಕೂರಿಸುತ್ತಾರೆ, ಕೆಲವರು ಅರ್ಧಚಂದ್ರ. ಉಳಿದದ್ದೆಲ್ಲ ಹಳೇ ಸೀರೆ, ಲಂಗ, ಅಂಗಿಯ ತುಂಡುಗಳೇ.

ಅಜ್ಜಿ ನಕ್ಷೆ ಬರೆದುಕೊಂಡಿರಲಿಲ್ಲ, ಅಳತೆ ಪಟ್ಟಿಯೂ ಇರಲಿಲ್ಲ. ಕೆಳಗೆ ಹಾಸಿದ ಸೀರೆಯ ಒಂದು ಮೂಲೆಯಿಂದ ಶುರು ಮಾಡಿ, ಅಂಚಿಗುಂಟ ಸುತ್ತುತ್ತ, ಒಂದೊಂದೇ ತುಂಡು ಮಡಚಿ ಕೂರಿಸಿಕೊಂಡು, ಸುತ್ತು ಮುಗಿದಂತೆ ಒಳಗೆ ಒಳಗೆ ಬರುತ್ತಿದ್ದರು. ಹೊಲಿಗೆ ಮಳೆನೀರಿನ ಗೆರೆಯ ಹಾಗೆ ಸಾಲು ಸಾಲು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂವು. 'ಹೂವಿಲ್ದೆ ಇದ್ರೆ ಕೌದಿ ಬತ್ತಲೆ' ಅಂತ ನಕ್ಕರು.

ನನಗೂ ಒಂದು ಬೇಕು ಅಂದೆ. ರೇಟು ಹೇಳಲಿಲ್ಲ. 'ನಿಮ್ಮಮ್ಮನ ಹಳೇ ಸೀರೆ ತಂದ್ಕೊಡು ತಂಗಿ, ಹೊದ್ರೆ ಅವಳದೇ ಬಿಸಿ' ಅಂದರು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

'ಹಳೇ ಸೀರೆಯಾ? ಹೋದ ವಾರ ಪಾತ್ರೆಯವ ಬಂದಿದ್ದ ಕಣೇ' ಅಂದಳು. 'ಹನ್ನೊಂದು ಸೀರೆಗೆ ಒಂದು ಸ್ಟೀಲ್ ಡಬ್ಬ ಕೊಟ್ಟ. ಮುಚ್ಚಳ ಸರಿಯಾಗಿ ಕೂರೋದೇ ಇಲ್ಲ.'