ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಲ್ವಾ?

ಬೆಂಗಳೂರಿನಿಂದ ನೆಂಟರು ಬಂದರೆ ನಾನು ಅವರನ್ನು ಸುತ್ತಿಸುವ ದಾರಿ ಯಾವಾಗಲೂ ಅದೇ. ಬೆಳಿಗ್ಗೆ ಮಧೂರು ದೇವಸ್ಥಾನ. ಆಮೇಲೆ ಬೇಳದ ಶೋಕಮಾತೆಯ ಇಗರ್ಜಿ, 1890ರದ್ದು. ಊಟ ಮುಗಿಸಿ ತಳಂಗರೆಯ ಮಾಲಿಕ್ ದೀನಾರ್ ಮಸೀದಿ. ಅದು ಹಿಜರಿ 22ರಷ್ಟು ಹಳೆಯದು ಎಂದು ನಮ್ಮಲ್ಲಿ ನಂಬಿಕೆ. ಸಂಜೆ ಮನೆಗೆ ತಿರುಗುವಾಗ ಕಾರಿನೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಇಷ್ಟೆಲ್ಲ ಒಟ್ಟಿಗೆ ಇದೆಯಲ್ಲ ನಿಮ್ಮ ಕಾಸರಗೋಡಿನಲ್ಲಿ. ಕೊನೆಗೆ ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಲ್ವಾ?”

ಅಲ್ಲ ಎನ್ನುತ್ತೇನೆ. ಕಾರು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಕೇಳುವವರ ಮನಸ್ಸು ಒಳ್ಳೆಯದೇ. ಜಗಳ ಬೇಡ ಎಂಬ ಆಸೆಯಿಂದ ಹುಟ್ಟುವ ಪ್ರಶ್ನೆ ಅದು. ಆದರೂ ಸುಮ್ನೆ ಹೌದು ಎಂದು ತಲೆಯಾಡಿಸಲು ನನ್ನಿಂದ ಆಗುವುದಿಲ್ಲ. ಈ ಮೂರೂ ಕಡೆ ದಿನಾ ಬಾಯಿಬಿಟ್ಟು ಹೇಳುವ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಹಾಗೆ ಹೇಳುವುದು ಕಷ್ಟ.

‘ಹುಟ್ಟಿದವನು’ ಎಂಬ ಒಂದೇ ಪದ ತೆಗೆದುಕೊಳ್ಳಿ. ಇಗರ್ಜಿಯಲ್ಲಿ ಜನ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಯೇಸು ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ ಎಂಬ ಮಾತಿದೆ. 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರು ಸೇರಿ, ಜೋರು ವಾದ ಮಾಡಿ ನಿಲ್ಲಿಸಿದ ಮಾತು ಅದು. ಮಗನನ್ನೂ ದೇವರು ಸೃಷ್ಟಿಸಿದ್ದು ಎಂದರೆ ಮಗ ದೇವರಾಗುವುದಿಲ್ಲ. ಹಾಗಾಗಿ ಆ ಒಂದು ಪದದ ಮೇಲೆ ಇಡೀ ನಂಬಿಕೆ ನಿಂತಿದೆ. ಈಗ ತಳಂಗರೆಗೆ ಬನ್ನಿ. ನಮಾಜಿನಲ್ಲಿ ಮತ್ತೆ ಮತ್ತೆ ಓದುವ, ಕುರ್‌ಆನಿನ ಇಖ್ಲಾಸ್ ಅಧ್ಯಾಯದಲ್ಲಿ ಇರುವುದು ನಾಲ್ಕೇ ವಾಕ್ಯ. ಮೂರನೆಯದು, ದೇವರು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ. ಒಬ್ಬರು ಪ್ರಾಣವಿಟ್ಟು ಹಿಡಿದುಕೊಂಡ ಪದವನ್ನೇ ಇನ್ನೊಬ್ಬರು ದಿನಾ ಅಲ್ಲಗಳೆಯುತ್ತಾರೆ. ಶಿಲುಬೆಯ ವಿಷಯವೂ ಹಾಗೆಯೇ. ಯೇಸು ಅದರ ಮೇಲೆ ಸತ್ತದ್ದರಿಂದಲೇ ಲೋಕಕ್ಕೆ ಬಿಡುಗಡೆ ಎಂದು ಕ್ರೈಸ್ತರು. ಯೇಸುವನ್ನು ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ ಎಂದು ಕುರ್‌ಆನ್. ಇವೆರಡನ್ನೂ ಒಂದೇ ಎನ್ನಬೇಕಾದರೆ ಇಬ್ಬರ ಮಾತನ್ನೂ ಕೇಳದೇ ಇರಬೇಕು.

ಹೊರಗಿನದ್ದು ಬಿಡಿ, ನಮ್ಮದೇ ಅಂಗಳಕ್ಕೆ ಬರೋಣ. ನಮ್ಮದು ಎಡನೀರು ಮಠಕ್ಕೆ ನಡೆದುಕೊಳ್ಳುವ ಮನೆ. ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಯ ಅದ್ವೈತ ಮಠ ಅದು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾದ, ಆ ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರ ಪ್ರಕರಣದಿಂದ ದೇಶಕ್ಕೆಲ್ಲ ಗೊತ್ತಾದ ಹೆಸರು. ಇರುವುದು ಬ್ರಹ್ಮ ಒಂದೇ, ನೀನೂ ಅದೇ, ಬೇರೆ ಬೇರೆ ಎಂದು ಕಾಣುವುದು ತಿಳಿವಳಿಕೆ ಸಾಲದ್ದರಿಂದ ಎಂಬುದು ನಾನು ಬೆಳೆದ ಪಾಠ. ಅಲ್ಲಿಂದ ಜಾಸ್ತಿ ದೂರವಿಲ್ಲದ ಕುಂಬಳೆ ಸೀಮೆಯಲ್ಲೇ 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಬಂದು ಕುಳಿತು, ಅದು ಹಾಗಲ್ಲ ಎಂದರು. ದೇವರು ಬೇರೆ, ಜೀವ ಬೇರೆ. ಒಂದು ಜೀವದಿಂದ ಇನ್ನೊಂದು ಜೀವವೂ ಬೇರೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲು ಕೂಡ ಬೇರೆ. ಮೋಕ್ಷ ಸಿಕ್ಕ ಮೇಲೂ ಈ ಬೇರೆತನ ಹೋಗುವುದಿಲ್ಲ. ಅವರಿಗೆ ಎದುರು ಕುಳಿತವರು ಇಲ್ಲಿನವರೇ ಆದ ತ್ರಿವಿಕ್ರಮ ಪಂಡಿತರು, ಅದ್ವೈತದ ದೊಡ್ಡ ವಿದ್ವಾಂಸರು. ವಾದ ಹದಿನೈದು ದಿನ ನಡೆಯಿತು ಎಂದು ಹೇಳುತ್ತಾರೆ. ಕೊನೆಗೆ ಪಂಡಿತರು ಸೋತು ಶಿಷ್ಯರಾದರು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಗೆಲುವು ಸೋಲಲ್ಲ. ನಮ್ಮ ಮನೆಯ ಕಡೆಯವರೇ ಸೋತ ಕಥೆ ಅಲ್ವಾ ಇದು! ಆಮೇಲೆ ನಡೆದದ್ದು ನೋಡಿ. ನನ್ನ ಬ್ರಹ್ಮಸೂತ್ರ ಭಾಷ್ಯಕ್ಕೆ ಟೀಕೆ ಬರೆಯಿರಿ ಎಂದು ಮಧ್ವರು ಪಂಡಿತರಿಗೆ ಹೇಳಿದರು. ನೀವೂ ಇನ್ನೊಂದಷ್ಟು ಬಿಡಿಸಿ ಬರೆಯಬೇಕು ಎಂದು ಪಂಡಿತರು ಮಧ್ವರನ್ನು ಕೇಳಿದರು. ಹಾಗೆ ಬಂದದ್ದು ಅನುವ್ಯಾಖ್ಯಾನ. ಮೊದಲನೇ ದಿನವೇ ಇಬ್ಬರೂ ‘ನಾವಿಬ್ಬರೂ ಹೇಳುವುದು ಒಂದೇ ಬಿಡಿ’ ಎಂದು ಎದ್ದು ಹೋಗಿದ್ದರೆ ಆ ಪುಸ್ತಕ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಹಿಂದಿನ ಸೀಟಿನಿಂದ ಒಬ್ಬರಾದರೂ “ಏಕಂ ಸತ್ ವಿಪ್ರಾ ಬಹುಧಾ ವದಂತಿ” ಎಂಬ ಋಗ್ವೇದದ ಮಾತು ಎತ್ತುತ್ತಾರೆ. ಸತ್ಯ ಒಂದೇ, ತಿಳಿದವರು ಹಲವು ಹೆಸರಲ್ಲಿ ಕರೆಯುತ್ತಾರೆ. ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಎಲ್ಲ ಬೇರೆತನವೂ ಮೇಲ್ಮೇಲಿನದು ಎಂದು ಅದನ್ನು ಓದಿಕೊಳ್ಳುವುದು ನಮ್ಮ ಮನೆಯ ಓದು. ಅದು ಎಲ್ಲರ ಮನೆಯ ಮೇಲೆ ನಿಂತು ನೋಡುವ ಮಾತಲ್ಲ, ಹಲವು ಮನೆಗಳಲ್ಲಿ ಒಂದು ಮನೆಯ ಮಾತು. ಉಡುಪಿಯ ಮಾಧ್ವರಿಗೋ ತಳಂಗರೆಯ ಉಸ್ತಾದರಿಗೋ ‘ನೀವು ಹೇಳುವುದೂ ನಾವು ಹೇಳುವುದೂ ಒಂದೇ’ ಎಂದರೆ, ನೀವು ಹೇಳುತ್ತಿರುವುದು ತಪ್ಪು ಎಂದು ನಯವಾಗಿ ಹೇಳಿದ ಹಾಗೆ. ವಾದ ಮಾಡಿದ್ದರೆ ಅವರು ಉತ್ತರವಾದರೂ ಕೊಡುತ್ತಿದ್ದರು.

ನೀತಿಯ ವಿಷಯ ಬೇರೆ. ಸುಳ್ಳು ಹೇಳಬೇಡ, ಹಸಿದವನಿಗೆ ಕೊಡು, ತಂದೆತಾಯಿಯನ್ನು ನೋಡಿಕೋ. ಇಲ್ಲಿ ಎಲ್ಲರೂ ಹತ್ತಿರ ಹತ್ತಿರವೇ ಇದ್ದಾರೆ. ಜಗತ್ತು ಏನು, ನಾನು ಯಾರು, ಸತ್ತ ಮೇಲೆ ಏನು ಎಂದು ಕೇಳಿದಾಗಲೇ ದಾರಿ ಕವಲೊಡೆಯುವುದು.

ಸಾವಿನ ಮನೆಗಳಲ್ಲಿ ಇದು ನನಗೆ ಹೆಚ್ಚು ಕಂಡಿದೆ. ಬೇಳದ ಕಡೆಯ ಗೆಳೆಯನ ಅಮ್ಮ ತೀರಿಕೊಂಡಾಗ ಹೋಗಿದ್ದೆ. ಮಣ್ಣಿನೊಳಗೆ ಇಟ್ಟ ದೇಹ ಒಂದು ದಿನ ಎದ್ದು ಬರುತ್ತದೆ ಎಂಬುದು ಅವರಿಗೆ ಅಲಂಕಾರದ ಮಾತಲ್ಲ, ಪ್ರತಿ ವಾರ ಬಾಯಿಬಿಟ್ಟು ಹೇಳುವ ನಂಬಿಕೆ. ಮಂಜೇಶ್ವರದಲ್ಲಿ ಹಳೆಯ ಬಸದಿಗಳಿವೆ. ಜೈನರ ತತ್ತ್ವದ ಪ್ರಕಾರ ಜೀವ ಒಂದು ದೇಹ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಹುಟ್ಟಿಗೆ ಹೋಗಿರುತ್ತದೆ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟಿದ ಹಾಗೆ ಕರ್ಮ ಅಂಟಿಕೊಂಡಿರುತ್ತದೆ, ಅದೇ ಎಳೆದುಕೊಂಡು ಹೋಗುತ್ತದೆ. ನಡುವೆ ಎಲ್ಲೋ ಹಸಿದು ಕಾಯುವ ಪಿತೃ ಎಂಬುವನಿಲ್ಲ, ಹಾಗಾಗಿ ಅವರ ತತ್ತ್ವದಲ್ಲಿ ಪಿಂಡಕ್ಕೆ ಜಾಗವೇ ಇಲ್ಲ. ಬುದ್ಧ ಇನ್ನೂ ಮುಂದೆ ಹೋಗಿ, ಹೋಗಲಿಕ್ಕೆ ಅಲ್ಲಿ ಗಟ್ಟಿಯಾದ ‘ನಾನು’ ಎಂಬುದೇ ಇಲ್ಲ ಎಂದ. ಅದೇ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನಗಳ ಮೇಲೂ ಕಾವ್ಯ ಬರೆದರು. ಒಬ್ಬನು ಶಿಲುಬೆಯ ಮೇಲೆ ಕೂಗಿ ಪ್ರಾಣ ಬಿಟ್ಟ. ಇನ್ನೊಬ್ಬನು ಎರಡು ಸಾಲವೃಕ್ಷಗಳ ನಡುವೆ ಬಲಮಗ್ಗುಲಾಗಿ ಮಲಗಿ, ಹುಟ್ಟಿದ್ದೆಲ್ಲ ಅಳಿಯುತ್ತದೆ ಎಂದು ಹೇಳಿ ಹೋದ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟರೆ ಎರಡೂ ಕೆಡುತ್ತವೆ.

ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮದು. ವಾಲಿಯ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುವವನು ರಾಮನನ್ನು ಒಪ್ಪಿಕೊಂಡೇ ಕೂತರೆ ಆ ರಾತ್ರಿ ಕೂಟವೇ ಕಟ್ಟುವುದಿಲ್ಲ. ವಾಲಿಯ ನೋವು ವಾಲಿಯ ಬಾಯಲ್ಲೇ ಬರಬೇಕು. ರಾಮಭಕ್ತನೇ ಆದರೂ ಅರ್ಥಧಾರಿ ಅದನ್ನು ಪೂರ್ತಿ ಹೇಳುತ್ತಾನೆ. ಬೇರೆ ಧರ್ಮದ ಬಗ್ಗೆ ಮಾತಾಡುವಾಗ ನಾನು ಇಟ್ಟುಕೊಂಡಿರುವ ಅಳತೆ ಇದೇ. ನಾನು ಹೇಳಿದ್ದನ್ನು ಕೇಳಿ ಆ ಧರ್ಮದವರು “ಹೌದು, ನಾವು ನಂಬುವುದು ಇದನ್ನೇ” ಎನ್ನಬೇಕು.

ಹಾಗಾದರೆ ಒಟ್ಟಿಗೆ ಬದುಕುವುದು ಹೇಗೆ? ಇದು ಯಾವಾಗಲೂ ಬರುವ ಎರಡನೇ ಪ್ರಶ್ನೆ. ಮಂಜೇಶ್ವರದ ಹತ್ತಿರದ ಉದ್ಯಾವರದ ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು, ಅಂದರೆ ದೈವ ಮೈಮೇಲೆ ಬರುವವರು, ಜಾತ್ರೆಗೆ ಮೊದಲು ಒಂದು ಶುಕ್ರವಾರ ಅಲ್ಲಿನ ಮಸೀದಿಗೆ ಹೋಗಿ ಜಮಾಅತಿನವರನ್ನು ಜಾತ್ರೆಗೆ ಕರೆಯುತ್ತಾರೆ. ಮಸೀದಿಯವರು ಎದುರುಗೊಂಡು ಮರ್ಯಾದೆ ಮಾಡುತ್ತಾರೆ. ದೈವವನ್ನು ನಂಬಬೇಕು ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕರೆಯುವುದು, ಬರುವುದು, ಅಷ್ಟೇ.

ನಮ್ಮ ಪಕ್ಕದ ಮನೆಯ ಬ್ಯಾರಿ ತೀರಿಕೊಂಡಾಗ ನಾನು ಖಬರಿನ ಹತ್ತಿರ ನಿಂತಿದ್ದೆ. ಬಂದವರು ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಏನು ಹೇಳುತ್ತಾರೆ ಎಂದು ಅವರ ಮಗ ಮೆಲ್ಲನೆ ಹೇಳಿದ: ಇದರಿಂದಲೇ ನಿಮ್ಮನ್ನು ಸೃಷ್ಟಿಸಿದೆವು, ಇದಕ್ಕೇ ನಿಮ್ಮನ್ನು ಮರಳಿಸುತ್ತೇವೆ, ಇದರಿಂದಲೇ ಇನ್ನೊಮ್ಮೆ ಎಬ್ಬಿಸುತ್ತೇವೆ. ಮೂರನೆಯ ಮಾತನ್ನು ನಾನು ನಂಬುವುದಿಲ್ಲ. ನನ್ನ ಲೆಕ್ಕದಲ್ಲಿ ಅವರು ಆಗಲೇ ಹೊರಟಾಗಿತ್ತು. ಬಾಯಿಬಿಡದೆ ಮೂರು ಹಿಡಿ ಹಾಕಿದೆ.

ಅದಕ್ಕೆ ಆರು ವರ್ಷ ಮೊದಲು ನನ್ನ ಅಪ್ಪನ ಉತ್ತರಕ್ರಿಯೆ. ಬಾಳೆಎಲೆಯಲ್ಲಿ ಪಿಂಡ ಇಟ್ಟು ಕಾಗೆಗೆ ಕಾಯುತ್ತಿದ್ದೆವು. ಅರ್ಧ ಗಂಟೆಯಾದರೂ ಒಂದೂ ಬರಲಿಲ್ಲ. ಸತ್ತವನು ಖಿಯಾಮತ್ ಎಂಬ ಕೊನೆಯ ತೀರ್ಪಿನ ದಿನದವರೆಗೆ ಮಣ್ಣಿನಲ್ಲೇ ಇರುತ್ತಾನೆ, ಕಾಗೆಯಾಗಿ ಬರುವುದಿಲ್ಲ ಎಂದು ಈ ಬ್ಯಾರಿ ಗಟ್ಟಿಯಾಗಿ ನಂಬಿದವರು. ಹಲಸಿನ ಮರದ ಕೆಳಗೆ ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾ ಅವರೂ ನಿಂತಿದ್ದರು. ನಡುನಡುವೆ ನನ್ನ ಕಡೆ ತಿರುಗಿ, “ಬಂತಾ?” ಎಂದು ಕೇಳುತ್ತಿದ್ದರು.