36 ಮೀಟರಿಗೆ 'ಮಚ್' ಬೇಡ ಎಂದ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆ ರಾತ್ರಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನೆನೆದದ್ದು ಒಂದೇ ಪಾಠ, ಡಿಗ್ರೀಸ್ ಆಫ್ ಕಂಪ್ಯಾರಿಸನ್, ಅಂದರೆ ಹೈ, ಹೈಯರ್, ಹೈಯೆಸ್ಟ್ ಅಂತ ಹೋಲಿಸಿ ಹೇಳುವ ವ್ಯಾಕರಣ. ಉಳಿದ ಸಿಲಬಸ್ ಏನಿತ್ತೋ, ಯಾರಿಗೂ ನೆನಪಿಲ್ಲ.

ಮಡಿಕೇರಿಯ ಆ ಕ್ಲಾಸಿನಲ್ಲಿ ಕಕ್ಕಬ್ಬೆ ಕಡೆಯ ಹುಡುಗರೂ ಇದ್ದರು, ಸೋಮವಾರಪೇಟೆಯವರೂ ಇದ್ದರು. ಕಕ್ಕಬ್ಬೆ ಕಡೆಯ ತಡಿಯಂಡಮೋಳ್ ಬೆಟ್ಟ ದೊಡ್ಡದೋ ಸೋಮವಾರಪೇಟೆ ಕಡೆಯ ಪುಷ್ಪಗಿರಿ ಬೆಟ್ಟ ದೊಡ್ಡದೋ ಅಂತ ಜಗಳ ಇದ್ದೇ ಇತ್ತು. ಪಾಠದ ನಡುವೆ ಒಬ್ಬ ಎದ್ದು ನಿಂತು 'ತಡಿಯಂಡಮೋಳ್ ಈಸ್ ಮಚ್ ಹೈಯರ್ ದ್ಯಾನ್ ಪುಷ್ಪಗಿರಿ' ಅಂದ. ಮೇಷ್ಟ್ರು ಬೋರ್ಡಿನ ಮೇಲೆ 1748 ಬರೆದು, ಕೆಳಗೆ 1712 ಬರೆದು, ಕಳೆದರು. "ವ್ಯಾಕರಣ ಸರಿ ಇದೆ. ಆದರೆ 36 ಮೀಟರಿಗೆ ಮಚ್ ಯಾಕಪ್ಪಾ?"

'ಹೈಯರ್' ಹಿಂದೆ 'ವೆರಿ' ಬರೋದಿಲ್ಲ, 'ಮೋರ್' ಅಂತೂ ಬರಲೇಬಾರದು, 'ಮಚ್', 'ಫಾರ್' ಬರಬಹುದು, ಆದರೆ ಅಂತರ ನಿಜಕ್ಕೂ ದೊಡ್ಡದಿದ್ದರೆ ಮಾತ್ರ, ಸ್ವಲ್ಪವೇ ಇದ್ದರೆ 'ಸ್ಲೈಟ್ಲಿ' ಅನ್ನೋಕೆ ನಾಚಿಕೆ ಬೇಡ ಎಂದರು. ಒತ್ತು ಬೇಕೇ ಬೇಕಾ? ಹಾಗಿದ್ದರೆ 'ನೋ ಅದರ್ ಪೀಕ್ ಇನ್ ಕೊಡಗು ಈಸ್ ಹೈಯರ್ ದ್ಯಾನ್ ತಡಿಯಂಡಮೋಳ್' ಅನ್ನಿ. 'ಹೈಯೆಸ್ಟ್' ಅಂದರೂ ವಿಷಯ ಅದೇ. ಆದರೆ 'ನೋ ಅದರ್' ಅಂದಾಗ ಓದುವವನು ಉಳಿದ ಬೆಟ್ಟಗಳನ್ನೆಲ್ಲ ಒಮ್ಮೆ ನೋಡಿ ಬರುತ್ತಾನೆ, ಮಾತಿಗೆ ತೂಕ ಜಾಸ್ತಿ.

ಮರುದಿನ ಬೆಲ್ ಆಗುವ ಮೊದಲೇ ಬೋರ್ಡ್ ತುಂಬಾ ಬರೆದಿಟ್ಟೆವು: 'ನೋ ಅದರ್ ಟೀಚರ್ ಇನ್ ದಿಸ್ ಸ್ಕೂಲ್ ಈಸ್ ಸ್ಟ್ರಿಕ್ಟರ್ ದ್ಯಾನ್ ಅವರ್ ಇಂಗ್ಲಿಷ್ ಟೀಚರ್.' ಚಾಕ್ ಹಿಡಿದದ್ದು ಬೇರೆಯವನು, ವಾಕ್ಯ ಕಟ್ಟಿದ್ದು ನಾನೇ. ಮೇಷ್ಟ್ರು ಓದಿದರು. ಅಳಿಸಲಿಲ್ಲ. "ತಪ್ಪಿಲ್ಲ. ಆಧಾರ ಎಲ್ಲಿ?" ಅಂತ ಕೇಳಿ ಒಬ್ಬೊಬ್ಬರಿಂದಲೂ ಒಂದೊಂದು ಉದಾಹರಣೆ ಬರೆಸಿದರು. ಅಷ್ಟು ಖುಷಿಯಿಂದ ನಾವು ಯಾವತ್ತೂ ಇಂಗ್ಲಿಷ್ ಬರೆದಿರಲಿಲ್ಲ.

ಈಗಿನ ಮಕ್ಕಳಿಗೂ ಈ ಪಾಠ ಇದೆ. ನನ್ನ ಮಗಳು ಒಂದೇ ವಾಕ್ಯವನ್ನು ಮೂರು ರೀತಿ ತಿರುಗಿಸಿ ಪೂರ್ತಿ ಮಾರ್ಕ್ಸ್ ತರುತ್ತಾಳೆ. ಯಾವುದನ್ನು ಎಲ್ಲಿ ಬಳಸಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ರಬಂಧ ಬರೆದರೆ ಎಲ್ಲವೂ 'ಬೆಸ್ಟ್', ಎಲ್ಲವೂ 'ಮೋಸ್ಟ್ ಬ್ಯೂಟಿಫುಲ್'. ಬೇಜಾರಾಗುತ್ತದೆ. ನಮ್ಮ ಆಫೀಸಿನಲ್ಲಿ ಇಂಗ್ಲಿಷ್ ವರದಿ ಹೊರಗೆ ಹೋಗುವ ಮೊದಲು ನನ್ನ ಟೇಬಲ್ಲಿಗೆ ಬರುತ್ತದೆ, 'ಫಾರ್ ಬೆಟರ್' ಕಂಡ ಕಡೆಯೆಲ್ಲ ನಾನು ಅಂಕಿ ಕೇಳುತ್ತೇನೆ. ಆ ಅಭ್ಯಾಸ ಹಚ್ಚಿದವರು ಮೇಷ್ಟ್ರೇ.

ಈ ವರ್ಷದಿಂದ ಅವರ ಹೆಸರಿನಲ್ಲಿ ಒಂಬತ್ತನೇ ಕ್ಲಾಸಿಗೆ ಒಂದು ಇಂಗ್ಲಿಷ್ ಪ್ರಬಂಧದ ಬಹುಮಾನ ಇಡುತ್ತಿದ್ದೇನೆ. ವಿಷಯ ಮಳೆ, ಕಾಫಿ, ಹುತ್ತರಿ, ಕೊಡಗಿನದ್ದು ಯಾವುದಾದರೂ ಆಗಲಿ. ಹೋಲಿಸಿ ಬರೆದರೆ ಆಧಾರವೂ ಪಕ್ಕದಲ್ಲೇ ಇರಬೇಕು. ಎಲ್ಲವನ್ನೂ ನಾನೇ ಕೂತು ಓದುತ್ತೇನೆ.