ಹೆಂಡತಿ ಇದ್ರೆ 320 ಎಕರೆ ಜಾಸ್ತಿ

ನಿದ್ದೆ ಬಾರದೆ ಸುಮ್ನೆ ಅಮೆರಿಕದ ಹಳೇ ವಲಸಿಗರ ಬಗ್ಗೆ ಓದುತ್ತಾ ಕೂತಿದ್ದೆ. ಒಂದು ಕಾನೂನು ತಲೆಯಿಂದ ಹೋಗುತ್ತಲೇ ಇಲ್ಲ.

1850ರಲ್ಲಿ ಅಲ್ಲಿನ ಸರ್ಕಾರ ಆರೆಗಾನ್ ಪ್ರದೇಶದಲ್ಲಿ ಭೂಮಿ ಹಂಚಿತು. ಆಗಲೇ ಅಲ್ಲಿ ನೆಲೆಸಿದ್ದ ಒಂಟಿ ಬಿಳಿಯ ಗಂಡಸಿಗೆ 320 ಎಕರೆ. ಮದುವೆಯಾಗಿದ್ದರೆ 640! ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಇನ್ನೂ ಮದುವೆಯಾಗದವರಿಗೆ 1851ರ ಡಿಸೆಂಬರ್ 1ರವರೆಗೆ ಗಡುವು. ಆಮೇಲೆ ಕೇಳಬೇಕಾ? ಮೊದಲೇ ಅಲ್ಲಿ ಹೆಂಗಸರು ಕಡಿಮೆ. ಹದಿನಾಲ್ಕರ ಹುಡುಗಿಯರಿಗೂ ಗಂಡು ಬಂತು. ಹುಡುಗಿ ನೋಡೋಕೆ ಬಂದವನು ನೋಡಿದ್ದು ಹುಡುಗಿಯನ್ನೋ, ಜಮೀನನ್ನೋ?

ಆದರೂ ಆ ಕಾಲದಲ್ಲಿ ಹೆಂಡತಿಯ ಹೆಸರಲ್ಲೇ ಭೂಮಿ ಅಂದರೆ ಸಣ್ಣ ಮಾತಲ್ಲ. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಆದರೆ ಆರೆಗಾನ್‌ನ ವಿಲಾಮೆಟ್ ಕಣಿವೆಯ ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಕಲಪೂಯಾ ಜನರದ್ದು. ಅವರ ಜೊತೆ ಒಪ್ಪಂದ ಆಗುವ ಮೊದಲೇ ಹಂಚಿಕೆ ಶುರುವಾಗಿತ್ತು. ಅದನ್ನು ಓದಿದ ಮೇಲೆ ಖುಷಿ ಅರ್ಧ ಇಳಿಯಿತು.

ಆಮೇಲೆ ಸರ್ಕಾರಿ ಭೂಮಿ ಹಂಚೋಕೆ ಬಂದ 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ ಲೆಕ್ಕವೇ ಉಲ್ಟಾ. 160 ಎಕರೆಗೆ ಒಂಟಿ ಹೆಂಗಸು, ವಿಧವೆ ಅರ್ಜಿ ಹಾಕಬಹುದು. ಗಂಡನ ಜೊತೆ ಸಂಸಾರ ಮಾಡುವವಳು ಹಾಕುವಂತಿಲ್ಲ, ಮನೆಯ ಯಜಮಾನ ಅವನಲ್ವಾ! ಅಲ್ಲೇ ಐದು ವರ್ಷ ವಾಸ ಮಾಡಿ, ಬೇಸಾಯ ಮಾಡಿದರೆ ಭೂಮಿ ಸ್ವಂತ. ಹಾಗಾಗಿ ಭೂಮಿಯ ಹಕ್ಕುಪತ್ರ ಕೈಗೆ ಬರುವವರೆಗೂ ಮದುವೆ ಮುಂದೂಡಿದ ಹುಡುಗಿಯರೂ ಇದ್ದರಂತೆ.

ಜಾಣೆಯರು. ಮರದ ಸುಳಿವಿಲ್ಲದ ಬಯಲಲ್ಲಿ, ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆಯಲ್ಲಿ ಒಬ್ಬಳೇ ಚಳಿಗಾಲ ಕಳೆಯೋದು ಹೇಗಿರುತ್ತಿತ್ತೋ.

ಗಂಟೆ ಒಂದೂವರೆ. ಫೋನ್ ಪಕ್ಕಕ್ಕಿಡಬೇಕು.